ಮೂರನೆಯ ಮೂಲೆಯ ಕಂಬ

ನೀರಿನ ಪೈಪು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಮನೆಯ ಮೊದಲನೆಯ ಮೂಲೆಯನ್ನು ತಿರುಗಿತು. ಅವಳು ನಾಲ್ಕು ಹೆಜ್ಜೆ ನಡೆದು, ಅಭ್ಯಾಸಬಲದಿಂದ ನಿಂತು, ಹಿಂದಿರುಗಿ ನೋಡಿದಳು. ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಮೊಣಕಾಲೆತ್ತರದ ಹಸಿರು ಕಂಬಕ್ಕೆ ತೊಡಿಸಿದ್ದ ದಪ್ಪ ಕೊಳವೆ ಗರಗರ ಸುತ್ತುತ್ತಿತ್ತು. ಪೈಪು ಅದನ್ನು ಬಳಸಿಕೊಂಡು ಸರಾಗವಾಗಿ ಅವಳ ಹಿಂದೆ ಬರುತ್ತಿತ್ತು. ಬೇಕೆಂದೇ ಇನ್ನೊಂದು ಸಲ ಜೋರಾಗಿ ಎಳೆದಳು. ಬಂತು. ಒಬ್ಬಳೇ ಇದ್ದರೂ ಅವಳಿಗೆ ನಗು ಬಂತು.

ಆ ಬಾಡಿಗೆ ಮನೆ ಕಟ್ಟಿಸಿದವರಿಗೆ ಗಿಡಗಳ ಮೇಲೆ ಯಾವ ಜನ್ಮದ ಹಗೆಯಿತ್ತೋ ಏನೋ, ನಲ್ಲಿಯನ್ನು ಮುಂಬಾಗಿಲ ಪಕ್ಕದಲ್ಲಿಟ್ಟು ಮಣ್ಣಿನ ಜಾಗವನ್ನೆಲ್ಲ ಹಿತ್ತಿಲಿಗೆ ಬಿಟ್ಟಿದ್ದರು. ಒಂದು ಪಕ್ಕಕ್ಕೆ ನೆರೆಮನೆಯ ಗೋಡೆ ಅಂಟಿಕೊಂಡಿದ್ದರಿಂದ ಸುತ್ತಿ ಬಳಸಿಯೇ ಹೋಗಬೇಕು. ಮುಂದೊಂದು ಮೂಲೆ, ಹಿಂದೊಂದು ಮೂಲೆ, ಆಮೇಲೆ ಬಚ್ಚಲುಮನೆ ಹೊರಗೆ ಚಾಚಿಕೊಂಡದ್ದರ ಮೂಲೆ. ಹನ್ನೊಂದು ವರ್ಷ ಅವಳು ಪೈಪು ಎಳೆದಿದ್ದಳು. ಸಿಕ್ಕಿಕೊಂಡಾಗೆಲ್ಲ ಹಿಂದಕ್ಕೆ ನಡೆದು ಬಿಡಿಸಿದ್ದಳು, ಮುಂದಕ್ಕೆ ಬಂದು ಎಳೆದರೆ ಇನ್ನೊಂದು ಮೂಲೆ ಹಿಡಿದುಕೊಂಡಿರುತ್ತಿತ್ತು. ಮೂಲೆ ತಪ್ಪಿಸಿಕೊಂಡ ಪೈಪು ಸುಮ್ಮನೆ ಬರುತ್ತದೆಯೇ? ಸಸಿಗಳ ಕತ್ತು ಮುರಿದೇ ಬರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಹಿತ್ತಲಲ್ಲಿ ಗಿಡವೇ ಉಳಿಯಲ್ಲ ಎಂದು ಅವಳು ಹೊಲಿಗೆಗೆ ಬಟ್ಟೆ ಕೊಡಲು ಬಂದವರ ಮುಂದೆಲ್ಲ ಹೇಳಿಕೊಂಡಿದ್ದಳು.

ಗಂಡನಿಗಂತೂ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅವನು ವೆಲ್ಡಿಂಗ್ ಕೆಲಸದವನು. ಸುತ್ತಲಿನವರಿಗೆಲ್ಲ ಮೇಸ್ತ್ರಿ.

"ಊರವರಿಗೆಲ್ಲ ಗೇಟು ಮಾಡಿಕೊಡ್ತೀರಿ. ನಮ್ಮನೆ ಮೂಲೆಗೆ ಒಂದು ಗೂಟ ಹಾಕೋಕಾಗಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ."

"ನಾಳೆ ಮಾಡ್ತೀನಿ ಕಣೇ."

"ನಾಳೆ ಅಂದವನ ಮನೆ ಹಾಳು."

"ಹಾಳಾಗೋಕೆ ಮನೆ ಮೊದಲು ನಮ್ಮದಾಗ್ಬೇಕಲ್ಲ."

ಹನ್ನೊಂದು ವರ್ಷ ಹೀಗೆ ನಗಿಸಿ ತಪ್ಪಿಸಿಕೊಂಡವನು ಈ ವಾರ, ಕೇಳದೆಯೇ, ಮೂರು ಕಂಬ ಮಾಡಿ ತಂದಿದ್ದ. ಶಾಲೆಯ ಮಹಡಿ ವರಾಂಡಕ್ಕೆ ರೇಲಿಂಗ್ ಮಾಡುವ ಕೆಲಸ ಮುಗಿದಿತ್ತು. ಅದರಲ್ಲಿ ಮಿಕ್ಕ ಕಬ್ಬಿಣದ ಪೈಪಿನ ತುಂಡು, ಮಿಕ್ಕ ತಳದ ಪ್ಲೇಟು, ಮಿಕ್ಕ ಬೋಲ್ಟು. ಇವತ್ತು ಭಾನುವಾರ, ಬೆಳಿಗ್ಗೆಯೆಲ್ಲ ಕೂತು, ಮನೆಯ ಸುತ್ತಲಿನ ಸಿಮೆಂಟಿಗೆ ತೂತು ಹೊಡೆದು ಕೂರಿಸಿದ. ಬೋಲ್ಟಿನ ತೂತನ್ನು ಅವನು ಬೆರಳಿನಿಂದ ತಡಕಿ ಹುಡುಕುತ್ತಿದ್ದುದನ್ನು ಕಂಡು ಅವಳು, "ಚಾಳೀಸು ಬಂದಿದೆ, ಕನ್ನಡಕ ಹಾಕಿಸ್ಕೊಳ್ಳಿ" ಎಂದಿದ್ದಳು. ಅವನು ಹೂಂ ಎಂದಿದ್ದ.

ಎರಡನೆಯ ಮೂಲೆಯನ್ನೂ ಪೈಪು ದಾಟಿತು. ಬಚ್ಚಲುಮನೆಯ ಮೂಲೆಗೆ ಬಂದಾಗ ಅವಳು ಪೈಪನ್ನು ಕಂಬಕ್ಕೆ ಬಳಸಿ ಹಾಯಿಸಿ, ನಿಂಬೆ ಗಿಡದ ಕಡೆ ಎಳೆದಳು. ಹಿಂದೆ ಎಲ್ಲೋ ಒಡೆದಿದ್ದ ಪೈಪಿಗೆ ತಂತಿ ಸುತ್ತಿ ತೇಪೆ ಹಾಕಿದ್ದ ಗಂಟು ಬಂದು ಕಂಬಕ್ಕೆ ತಗುಲಿ ನಿಂತಿತು. ಒಂದು ಜಗ್ಗು ಜಗ್ಗಿದಳು. ಟಪ್ ಎಂದಿತು. ಕಂಬ ಒಂದು ಕಡೆ ವಾಲಿ, ಅಡ್ಡ ಬಿದ್ದು, ಪೈಪು ಅದನ್ನೂ ಎಳೆದುಕೊಂಡು ಬದನೆ ಸಸಿಗಳ ಮೇಲೆ ಹರಿದು ಹೋಯಿತು.

ಮೊದಲು ಸಿಟ್ಟು ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಾನೇ ದೊಣ್ಣೆಯಾದೆನಲ್ಲ ಎಂದುಕೊಂಡು ಕಂಬವನ್ನು ಎತ್ತಿಕೊಂಡಳು. ಬುಡ ನೋಡಿದಳು. ಕಬ್ಬಿಣ ಕೊಯ್ದ ದಿನ ಅಂಚು ಹೇಗಿತ್ತೋ ಹಾಗೇ ಇತ್ತು, ಹರಿತವಾಗಿ, ಬೆಳ್ಳಗೆ. ನೆಲದಲ್ಲಿ ಉಳಿದ ಪ್ಲೇಟಿನ ಮೇಲೆ ಬೆಸುಗೆಯ ಗೆರೆ ಒಂದು ಗೋಧಿ ಕಾಳಿನಷ್ಟು ಆಚೆ, ತನ್ನ ಪಾಡಿಗೆ ತಾನು ದುಂಡಗೆ ಸುತ್ತು ಹೊಡೆದಿತ್ತು. ಒಂದೇ ಕಡೆ ಕಂಬಕ್ಕೂ ಪ್ಲೇಟಿಗೂ ಚೂರು ಅಂಟಿದ್ದು ಈಗ ಕಿತ್ತು ಬಂದಿತ್ತು. ನಡುವಿನ ಸಂದಿಗೆ ಪುಟ್ಟಿ ಮೆತ್ತಿ, ಮೇಲೆ ಗ್ರೈಂಡರಿನಿಂದ ಉಜ್ಜಿ, ನುಣ್ಣಗೆ ಬಣ್ಣ ಹೊಡೆದಿದ್ದ.

ಅವಳು ಹೊಲಿಗೆಯವಳು. ಎರಡು ಬಟ್ಟೆ ಒಟ್ಟಿಗಿಟ್ಟು ಹೊಲಿಯುವಾಗ ಕೆಳಗಿನದು ಜಾರಿದರೆ ಸೂಜಿ ಮೇಲಿನ ಬಟ್ಟೆಯನ್ನಷ್ಟೇ ಹೊಲಿದುಕೊಂಡು ಹೋಗುತ್ತದೆ. ಮೇಲಿನಿಂದ ನೋಡಿದರೆ ಹೊಲಿಗೆ ಚಂದವಾಗಿಯೇ ಇರುತ್ತದೆ. ತೊಟ್ಟು ಕೈ ಎತ್ತಿದ ದಿನ ಗೊತ್ತಾಗುತ್ತದೆ.

ಮದುವೆಯಾದ ಹೊಸದರಲ್ಲಿ, ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವ ಕಾಲಕ್ಕೆ, ಇವನು ಅವಳನ್ನು ಒಂದು ಗೋದಾಮಿನ ಗೇಟು ತೋರಿಸಲು ಕರೆದುಕೊಂಡು ಹೋಗಿದ್ದ. ಅವಳ ಬೆರಳು ಹಿಡಿದು ಬೆಸುಗೆಯ ಮೇಲೆ ಆಡಿಸಿದ್ದ. ಒಂದರ ಮೇಲೊಂದು ಒರಗಿದ ಸಣ್ಣ ಸಣ್ಣ ಅಲೆಗಳು, ಒಂದೇ ಅಳತೆಯವು. "ನಾನು ಉಜ್ಜಲ್ಲ. ಗ್ರೈಂಡರ್ ಹಿಡಿದು ಉಜ್ಜೋನು ಏನೋ ಮುಚ್ಚಿಡ್ತಿದಾನೆ ಅಂತ ತಿಳ್ಕೊ" ಎಂದಿದ್ದ. ಇಪ್ಪತ್ತಾರು ವರ್ಷ ಅವನು ಉಜ್ಜಿರಲಿಲ್ಲ. ಬೆಳಿಗ್ಗೆ ಆ ನುಣುಪು ಕಂಡಾಗ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು.

ಆಮೇಲೆ ಅವಳಿಗೆ ಶಾಲೆ ನೆನಪಾಯಿತು. ಇದೇ ಪೈಪು, ಇದೇ ಪ್ಲೇಟು, ಇದೇ ವಾರ.

ಬಟ್ಟೆ ಒಗೆಯುವಲ್ಲಿಂದ ಒಂದು ಗುಂಡುಕಲ್ಲು ಎತ್ತಿಕೊಂಡು ಎರಡನೆಯ ಮೂಲೆಗೆ ಹೋದಳು. ಕಂಬದ ತಲೆಗೆ ಪಕ್ಕದಿಂದ ಹೊಡೆದಳು. ಮೂರನೆಯ ಪೆಟ್ಟಿಗೆ ಅದೂ ಬಿತ್ತು. ಮುಂದಿನ ಮೂಲೆಯ ಕಂಬಕ್ಕೆ ಹತ್ತು ಪೆಟ್ಟು ಹೊಡೆದಳು, ಕೈ ಜುಮ್ಮೆಂದಿತು, ಅದು ಅಲ್ಲಾಡಲಿಲ್ಲ. ಅದು ನಿಂತದ್ದು ಅವಳಿಗೆ ಇನ್ನೂ ಭಯ ಹುಟ್ಟಿಸಿತು. ಎಲ್ಲ ಕೆಟ್ಟಿದ್ದರೆ ಯಾರಾದರೂ ಈಗಾಗಲೇ ಕಂಡುಹಿಡಿಯುತ್ತಿದ್ದರು.

ಒಂದು ಗಳಿಗೆ, ಸುಳ್ಳು ಯಾಕೆ, ಸುಮ್ಮನಿದ್ದುಬಿಡೋಣ ಎಂದೂ ಅವಳಿಗೆ ಅನಿಸಿತು. ಎರಡು ಕಂಬವನ್ನೂ ಹಿತ್ತಿಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಮುಗಿಯಿತು. ಒಳಗೆ ಹೊಲಿಗೆ ಮಿಷನ್ನಿನ ಪಕ್ಕ ನಾಳೆ ಬೆಳಿಗ್ಗೆ ಕೊಡಬೇಕಾದ ಶಾಲೆಯ ಅಂಗಿಗಳಿದ್ದವು. ಹದಿನೇಳು. ರಜೆ ಮುಗಿದು ನಾಳೆ ಶಾಲೆ ಬಾಗಿಲು ತೆಗೆಯುತ್ತದೆ. ಯಾವ ಅಂಗಿಯ ಭುಜ ಎಷ್ಟು ಅಗಲ ಎಂಬುದು ಅವಳಿಗೆ ನೋಡದೆಯೇ ಗೊತ್ತಿತ್ತು.

ಗಂಡ ಟಿ.ವಿ. ಮುಂದೆ ಕೂತಿದ್ದ. ನೋಡುತ್ತಿರಲಿಲ್ಲ, ಕೇಳುತ್ತಿದ್ದ, ತಲೆ ಸ್ವಲ್ಪ ವಾರೆಯಾಗಿತ್ತು. ಅವಳು ಟಿ.ವಿ. ಆರಿಸಿ, ಕಂಬವನ್ನು ಅವನ ತೊಡೆಯ ಮೇಲಿಟ್ಟಳು. ಅವನು ಅದರತ್ತ ಬಗ್ಗಲಿಲ್ಲ. ಹೆಬ್ಬೆರಳನ್ನು ಬುಡದ ಅಂಚಿನ ಸುತ್ತ ಒಂದು ಸುತ್ತು ಆಡಿಸಿದ. ಅಲ್ಲಿಗೆ ಅವನಿಗೆ ಗೊತ್ತಾಯಿತು. ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಎಲ್ಲಿದು?"

"ಮೂರನೇದು. ಎರಡನೇದೂ ಬಿತ್ತು. ಮುಂದಿಂದು ಗಟ್ಟಿಯಾಗಿದೆ."

"ಪೈಪು ಜಾಸ್ತಿ ಜಗ್ಗಿದೀಯ."

"ಶಾಲೆ ರೇಲಿಂಗು ಯಾರು ಬೆಸೆದಿದ್ದು?"

ಹೊರಗೆ ನಲ್ಲಿ ನಿಲ್ಲಿಸಿರಲಿಲ್ಲ, ಹಿತ್ತಿಲಲ್ಲಿ ನೀರು ಹರಿಯುವುದು ಕೇಳುತ್ತಿತ್ತು.

"ನಾನೇ" ಎಂದ.

"ಎಲ್ಲಾನೂ?"

"ಮೂವತ್ತೆರಡು ಕಂಬ. ಎಲ್ಲಾನೂ ನಾನೇ."

"ಯಾವುದು ನಿಲ್ಲುತ್ತೆ, ಯಾವುದು ಬೀಳುತ್ತೆ?"

"ಗೊತ್ತಿಲ್ಲ ಕಣೇ."

ಆಮೇಲೆ ಹೇಳಿದ. ಬೇಡ ಬೇಡವೆಂದರೂ ಬಾಯಿ ತೆರೆದ ಮೇಲೆ ನಿಲ್ಲಿಸಲಾಗದವನಂತೆ ಹೇಳಿದ. ಎಂಟು ತಿಂಗಳಿಂದ ಕಣ್ಣಿನ ನಡುಮಧ್ಯದಲ್ಲಿ ಒಂದು ಕಲೆ. ಎರಡು ಕಣ್ಣಿಗೂ. ಪಕ್ಕದಲ್ಲಿರುವುದೆಲ್ಲ ಕಾಣುತ್ತದೆ, ನೋಡಬೇಕೆಂದದ್ದು ಮಾತ್ರ ಅಳಿಸಿಹೋಗುತ್ತದೆ. ಪಟ್ಟಣದ ಕಣ್ಣಿನ ಡಾಕ್ಟರು ನೋಡಿ, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ, ಬೆಂಕಿಯ ಕೆಲಸ ಇವತ್ತೇ ಬಿಡಬೇಕು ಎಂದಿದ್ದರಂತೆ. ಅವತ್ತು ಮನೆಗೆ ಬಂದು, ಸಾಮಾನು ತರಲು ಹೋಗಿದ್ದೆ ಎಂದು ಸುಳ್ಳು ಹೇಳಿದ್ದ.

"ಮತ್ತೆ ಹೇಗೆ ಬೆಸೀತಿದ್ರಿ?"

"ಸದ್ದಿನಲ್ಲಿ. ಕಾದ ಎಣ್ಣೆಯಲ್ಲಿ ಕರಿಯೋ ಸದ್ದು ಬರ್ತಿದ್ರೆ ಬೆಸುಗೆ ಸರಿ ಹೋಗ್ತಿದೆ ಅಂತ. ಸದ್ದೇನೋ ಸರಿಯಾಗೇ ಬರುತ್ತೆ. ಗೆರೆ ಎಲ್ಲಿ ಬೀಳ್ತಿದೆ ಅಂತ ಸದ್ದು ಹೇಳಲ್ಲ."

"ಅದಕ್ಕೆ ಉಜ್ಜಿದ್ರಿ."

"ಹೂಂ."

"ನನಗೆ ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ಬಿಡು ಅಂತಿದ್ದೆ." ಅವನು ಅವಳ ಕಡೆಗೆ ತಿರುಗಿದ. ಅವಳ ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದ. ತಿಂಗಳುಗಳಿಂದ ಅವನು ಹಾಗೆಯೇ ನೋಡುತ್ತಿದ್ದ. ಅವಳು ಅದನ್ನು ಅಸಡ್ಡೆ ಎಂದುಕೊಂಡು ಒಳಗೊಳಗೇ ನೊಂದಿದ್ದಳು. "ನಿನ್ನ ಮುಖ ನೋಡಿ ಎಂಟು ತಿಂಗಳಾಯ್ತು" ಎಂದ.

ಅವಳಿಗೆ ಅಳು ಬಂತು. ಆದರೆ ಅಳುತ್ತ ಕೂರುವ ಹೊತ್ತಲ್ಲ ಎಂದು ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು. ಫೋನು ಕೈಗೆತ್ತಿಕೊಂಡಳು.

"ಯಾರಿಗೆ?"

"ತಮ್ಮನಿಗೆ."

"ಅವನಿಗೆ ಬೇಡ" ಎಂದ ಅವನು. "ಶಾಲೆಯವರಿಗೆ ಹೇಳು, ಪೊಲೀಸಿಗೆ ಬೇಕಾದ್ರೂ ಹೇಳು. ಅವನಿಗೆ ಬೇಡ."

ಗಂಡ ಕೆಲಸ ಮಾಡುವ ವರ್ಕ್‌ಶಾಪು ಅವಳ ತಮ್ಮನದು. ತಮ್ಮನಿಗೆ ಬೆಸುಗೆ ಕಲಿಸಿದವನೂ ಗಂಡನೇ. ಸ್ವಂತ ಅಂಗಡಿ ಹಾಕುವಾಗ ತಮ್ಮ, ಭಾವ ಬಂದರೆ ಮಾತ್ರ ಬಾಗಿಲು ತೆಗೆಯುತ್ತೇನೆ ಎಂದು ಹಟ ಹಿಡಿದಿದ್ದ. ಬೇರೆಯವರು ಬೆಸೆದದ್ದನ್ನು ತಿರುಗಿಸಿ ಮುರುಗಿಸಿ ನೋಡುವವನು ಭಾವನ ಕೆಲಸವನ್ನು ಮಾತ್ರ ಒಂದು ದಿನವೂ ನೋಡಿದವನಲ್ಲ. ನೋಡುವುದು ಅವಮರ್ಯಾದೆ ಎಂದು ಅವನ ಲೆಕ್ಕ.

"ಒಂದು ವಾರ ಕೊಡು" ಎಂದ ಗಂಡ. "ನಾನೇ ಹೋಗಿ ಒಂದೊಂದನ್ನೂ ಮತ್ತೆ ಬೆಸೆದು ಬರ್ತೀನಿ. ಯಾರಿಗೂ ಗೊತ್ತಾಗಲ್ಲ. ಆಮೇಲೆ ಕೆಲಸ ಬಿಡ್ತೀನಿ. ನನ್ನ ಮಾತಿಗಾದರೂ..."

"ಯಾವ ಕಣ್ಣಲ್ಲಿ ಬೆಸೀತೀರಿ?"

ಅವಳು ಹಾಗೆ ಕೇಳಬೇಕೆಂದಿರಲಿಲ್ಲ. ಕೇಳಿಯಾಗಿತ್ತು. ಅವನು ತಲೆ ತಗ್ಗಿಸಿದ.

"ಮೂವತ್ತೆರಡೂ ಸೇರಿ ಹಿಡ್ಕೊಳ್ಳುತ್ತೆ" ಎಂದ, ಸಣ್ಣ ದನಿಯಲ್ಲಿ. "ಒಂದು ಸೋತ್ರೆ ಪಕ್ಕದ್ದು ತಡೆಯುತ್ತೆ."

"ಗಂಟೆ ಹೊಡೆದಾಗ ಮಕ್ಕಳು ಒಬ್ಬೊಬ್ಬರಾಗಿ ಬಂದು ಒರಗ್ತಾರೇನ್ರೀ?"

ಅವಳು ಫೋನು ಮಾಡಿದಳು. "ಕೆಲಸಕ್ಕೆ ಅಂತ ಕೊಟ್ಟಿದ್ದ ಶಾಲೆ ಬೀಗದ ಕೈ ಇನ್ನೂ ನಿನ್ನ ಹತ್ರಾನೇ ಇದೆಯಲ್ಲ, ತಗೊಂಡು ಬಾ. ಸುತ್ತಿಗೆನೂ ತಗೊಂಡು ಬಾ. ಈಗಲೇ. ಬಂದ್ಮೇಲೆ ಹೇಳ್ತೀನಿ." ಇಷ್ಟೇ ಹೇಳಿದಳು. ಫೋನಿಡುವಷ್ಟರಲ್ಲಿ ಗಂಡ ಎದ್ದು ಗೂಟದಿಂದ ಅಂಗಿ ತೆಗೆದುಕೊಳ್ಳುತ್ತಿದ್ದ. ಬರಬೇಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಸಂಜೆಯ ಬಿಸಿಲು ಶಾಲೆಯ ಮಹಡಿಗೆ ಉದ್ದಕ್ಕೆ ಬಿದ್ದಿತ್ತು. ನೀಲಿ ಬಣ್ಣದ ರೇಲಿಂಗು ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದಷ್ಟು ನೆಟ್ಟಗೆ. ನೋಡಿದರೆ ಯಾರಾದರೂ ಭೇಷ್ ಎನ್ನಬೇಕು. ಕೆಳಗೆ ಆಟದ ಅಂಗಳದ ಕಲ್ಲುಹಾಸು. ಬೀಗ ತೆಗೆದು ಮೇಲೆ ಬಂದ ತಮ್ಮ, ಸುತ್ತಿಗೆಯನ್ನು ಬಗಲಲ್ಲಿಟ್ಟುಕೊಂಡು, ರೇಲಿಂಗಿಗೆ ಬೆನ್ನು ಕೊಟ್ಟು ಒರಗಲು ಹೋದ.

"ಈಗ ಹೇಳಕ್ಕ, ಏನಾಯ್ತು?"

ಅವಳು ಅವನ ಅಂಗಿಯ ಎದೆಗೆ ಕೈ ಹಾಕಿ ಈಚೆಗೆ ಎಳೆದಳು. ಒಂದು ಗುಂಡಿ ಕಿತ್ತು ಹೋಯಿತು.

"ಒರಗಬೇಡ."

ಅವನಿಗೆ ಮೊದಲು ನಗು. "ಏನಕ್ಕ, ಇಷ್ಟು ವರ್ಷ ಆದ್ಮೇಲೆ ಭಾವನ ಕೆಲಸಕ್ಕೆ ಹೆಸರಿಡ್ತೀಯಾ?" ಎಂದ. ಭಾವನ ಮುಖ ನೋಡಿ ನಗು ನಿಲ್ಲಿಸಿದ. ಅವಳು ಚೀಲದಿಂದ ಹಸಿರು ಕಂಬ ತೆಗೆದು ಕೊಟ್ಟಳು. ತಮ್ಮನ ಹೆಬ್ಬೆರಳೂ ಬುಡದ ಅಂಚಿನ ಸುತ್ತ ಒಂದು ಸುತ್ತು ಹೋಯಿತು. ಅವಳು ನಾಲ್ಕು ಮಾತಿನಲ್ಲಿ ಹೇಳಿದಳು. ಹೇಳುವಷ್ಟು ಹೊತ್ತೂ ಗಂಡ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದ.

ತರಗತಿಯ ಹೊಸ್ತಿಲ ಮೇಲೆ ತಮ್ಮ ಕೂತುಬಿಟ್ಟ.

"ಎಂಟು ತಿಂಗಳಾ?" ಎಂದ. "ಎಂಟು ತಿಂಗಳು ಅಂದ್ರೆ... ಹೆರಿಗೆ ಆಸ್ಪತ್ರೆ ಹಿಂದಿನ ಮೆಟ್ಟಿಲು. ಹಿಟ್ಟಿನ ಗಿರಣಿ ಮೇಲಿನ ಟ್ಯಾಂಕು, ಅದರ ಸ್ಟ್ಯಾಂಡು. ಆ ಮೂರಂತಸ್ತಿನ ಮನೆಯ ಬಾಲ್ಕನಿ, ಅಲ್ಲಿ ಮುದುಕಿ ಬೆಳಿಗ್ಗೆ ಹೊತ್ತು ಬಂದು ಕೂರ್ತಾಳೆ. ಪಾರ್ಕಿನ ಉಯ್ಯಾಲೆ." ನಿಲ್ಲಿಸಿದ. ಮತ್ತೆ, "ಉಯ್ಯಾಲೆ ನಾನು ಮಾಡಿದ್ದು" ಎಂದ.

"ಉಯ್ಯಾಲೆ ನಾನು ಮಾಡಿದ್ದು" ಎಂದ ಗಂಡ, ಗೋಡೆಯ ಕಡೆಯಿಂದಲೇ. "ನಿನಗೆ ಜ್ವರ ಬಂದಿತ್ತು."

ತಮ್ಮ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದಳು ಅವಳು. ಬೈದಿದ್ದರೆ ಒಳ್ಳೆಯದಿತ್ತು. ಅವನು ಎದ್ದು ಬಂದು ಮೊದಲನೆಯ ಕಂಬದ ಮುಂದೆ ಸುತ್ತಿಗೆ ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು. ಇಳಿಸಿದ. ಮತ್ತೆ ಎತ್ತಿದ.

"ನನ್ನ ಕೈಯಲ್ಲಿ ಆಗಲ್ಲ ಅಕ್ಕ" ಎಂದ.

ಗಂಡ ಬಂದು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಎಡಗೈಯಿಂದ ಕಂಬವನ್ನು ಮುಟ್ಟಿ, ಬುಡದಿಂದ ಒಂದು ಗೇಣು ಮೇಲೆ ಜಾಗ ಗೊತ್ತು ಮಾಡಿಕೊಂಡು, ಸಣ್ಣದೊಂದು ಏಟು ಹಾಕಿದ. ಟಣ್ ಎಂದಿತು, ಸದ್ದು ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. "ಇದಕ್ಕೆ ಬೆಸುಗೆ ಇದೆ" ಎಂದ. ಎರಡನೆಯದಕ್ಕೆ ಹೊಡೆದ. ಒಡಕು ಮಡಕೆಗೆ ಬಡಿದಂತೆ ದಡ್ ಎಂದು ಅಲ್ಲೇ ಸತ್ತಿತು. "ಇದಕ್ಕೆ ಇಲ್ಲ. ಗುರುತು ಹಾಕು."

ವರಾಂಡದಲ್ಲಿ ಕಿಟಕಿಯ ಕೆಳಗೆ ಯಾರೋ ಎಸೆದ ಸೀಮೆಸುಣ್ಣದ ಚೂರು ಬಿದ್ದಿತ್ತು. ಅವಳು ಅದನ್ನೆತ್ತಿಕೊಂಡು ಎರಡನೆಯ ಕಂಬದ ಬುಡದಲ್ಲಿ ನೆಲಕ್ಕೆ ಒಂದು ತಪ್ಪು ಗುರುತು ಎಳೆದಳು.

ಹೀಗೆ ಹೊರಟರು. ಅವನು ಮುಟ್ಟಿ ಹೊಡೆಯುವುದು, ಕಿವಿ ಕೊಟ್ಟು ನಿಲ್ಲುವುದು, ಇದೆ ಅಥವಾ ಇಲ್ಲ ಎನ್ನುವುದು. ಇಲ್ಲ ಎಂದಾಗ ಅವಳು ಕೂತು ಗುರುತು ಹಾಕುವುದು. ಹಿಂದೆ ತಮ್ಮ, ಕೆಳಗೆ ಗಾಡಿಯಿಂದ ತಂದ ಹಗ್ಗ ಹಿಡಿದುಕೊಂಡು, ಗುರುತು ಬಿದ್ದ ಕಂಬಗಳನ್ನು ತರಗತಿಯ ಕಿಟಕಿಯ ಸರಳಿಗೆ ಎಳೆದು ಕಟ್ಟುತ್ತ ಬರುತ್ತಿದ್ದ. ಮೊದಲ ಹತ್ತರಲ್ಲಿ ಆರಕ್ಕೆ ಇಲ್ಲ ಎಂದ. ಹನ್ನೊಂದನೆಯದು ಏಟು ಬಿದ್ದೊಡನೆ ಬುಡ ಬಿಟ್ಟು, ಮೇಲಿನ ಅಡ್ಡ ಕೊಳವೆಯಿಂದ ಜೋತಾಡಿತು. ಅದು ನಿಲ್ಲುವವರೆಗೆ ಮೂವರೂ ಕಾದರು. ಆ ಜಾಗದಲ್ಲಿ ಎದುರಿಗೆ ತರಗತಿಯ ಬಾಗಿಲಿತ್ತು.

ಒಂದು ಸಲವೂ ಅವನು ಸುಳ್ಳು ಹೇಳಲಿಲ್ಲ. ಅರೆಬರೆ ಸದ್ದು ಬಂದರೆ ಇಲ್ಲ ಎಂದೇ ಹೇಳಿದ. ಒಂದು ಕಡೆ ತಮ್ಮ, "ಭಾವ, ಅದು ಸರಿಯಾಗೇ ಇದೆ ಅನ್ಸುತ್ತೆ" ಎಂದ. ಗಂಡ ಇನ್ನೊಮ್ಮೆ ಹೊಡೆದು, "ಇಲ್ಲ" ಎಂದ. ಅವನ ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಅವಳಿಗೆ ಸಾಕು ಮಾಡಿ ಎನ್ನಬೇಕೆನಿಸಿತು, ಸಾಧ್ಯವಿರಲಿಲ್ಲ. ಸೀಮೆಸುಣ್ಣ ಸವೆದು ಉಗುರಿನಷ್ಟಾಗಿತ್ತು.

ಇಪ್ಪತ್ತೈದನೆಯ ಕಂಬ ದಾಟುವಾಗ ತಮ್ಮ ಅವಳ ಪಕ್ಕ ಬಗ್ಗಿ ಪಿಸುಗುಟ್ಟಿದ. "ಶಾಲೆಯವರಿಗೆ ಇವತ್ತೇ ಹೇಳ್ತೀನಿ, ನಾಳೆ ಮೇಲಿನ ಮಹಡಿ ಬೀಗ ತೆಗೆಯಲ್ಲ. ಬೆಳಿಗ್ಗೆ ಆರಕ್ಕೆ ಬಂದು ಭಾವನ್ನ ಕರ್ಕೊಂಡು ಹೋಗ್ತೀನಿ. ಮೊದಲು ಉಯ್ಯಾಲೆ, ಆಮೇಲೆ ಮುದುಕಿ ಮನೆ. ಒಂದೊಂದಾಗಿ ಎಲ್ಲಾ ಕಡೆ. ಅವರ ಕಿವಿ ಇಲ್ದೆ ಆಗಲ್ಲ." ಹಗ್ಗದ ಗಂಟು ಬಿಗಿದು, "ಅದು ಮುಗಿದ ಮೇಲೆ ಅಂಗಡಿಗೆ ಬರಬೇಡಿ ಅಂತ ನೀನೇ ಹೇಳಕ್ಕ. ನಾನು ಹೇಳಲಾರೆ" ಎಂದ. ಅವಳು ತಲೆಯಾಡಿಸಿದಳು. ಗಂಡನ ಕಿವಿ ಎಷ್ಟು ಚುರುಕೆಂದು ಇಬ್ಬರಿಗೂ ಗೊತ್ತಿತ್ತು. ಅವನು ಮುಂದಿನ ಕಂಬವನ್ನು ಕೈಯಿಂದ ಹುಡುಕುತ್ತಿದ್ದ.

ಕೊನೆಯ ಕಂಬ ಮೆಟ್ಟಿಲ ಬಳಿ, ಗೋಡೆಗೆ ಹತ್ತಿರ ಇತ್ತು. ಅಷ್ಟರಲ್ಲಿ ಬಿಸಿಲು ಇಳಿದಿತ್ತು, ನೀಲಿ ಬಣ್ಣ ಕಪ್ಪಾಗಿ ಕಾಣುತ್ತಿತ್ತು. ಹಿಂದಿನ ಮೂರಕ್ಕೂ ಗುರುತು ಬಿದ್ದಿತ್ತು. ಅವಳು ಸೀಮೆಸುಣ್ಣ ಹಿಡಿದು ಆಗಲೇ ನೆಲಕ್ಕೆ ಕೂತಿದ್ದಳು. ಅವನು ಹೊಡೆದ.

ಕಂಬ ಟಣ್ ಎಂದಿತು. ಬುಡದಿಂದ ತಲೆಯವರೆಗೆ ಒಂದೇ ದನಿ, ಎಲ್ಲೂ ಮುರಿಯದೆ, ಖಾಲಿ ಶಾಲೆಯ ಗೋಡೆಗಳಿಗೆ ಹೋಗಿ ಬಂತು.

ಇದೆ ಎಂದು ಅವನು ಹೇಳಲಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ನಿಂತಿದ್ದ. ತಮ್ಮ ಮಿಕ್ಕ ಹಗ್ಗ ಸುತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದ. ಅವಳು ಎದ್ದು, ಸೀರೆಗೆ ಕೈ ಒರೆಸಿಕೊಂಡು, "ಆಯ್ತಲ್ಲ, ಬನ್ನಿ" ಎಂದಳು.

ಅವನು ಎಡಗೈಯಿಂದ ಕಂಬವನ್ನು ಮತ್ತೆ ಮುಟ್ಟಿ, ಜಾಗ ಗೊತ್ತು ಮಾಡಿಕೊಂಡು, ಆ ದನಿಗಾಗಿ ಇನ್ನೊಮ್ಮೆ ಹೊಡೆದ.